ಅವ್ವ ರಸ್ತೆ ದಾಟುವ ಹೊತ್ತು

ಬೆಳಗ್ಗೆ ಆರೂಕಾಲು. ರಸ್ತೆಯ ಅಂಚಿಗೆ ಬಂದ ಕೂಡಲೇ ಅವ್ವ ಹಾಲಿನ ಕ್ಯಾನನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡಳು. ಅವಳು ದಿನಾ ಹಾಗೆ ಮಾಡುತ್ತಾಳಂತೆ. ಯಾಕೆ ಅಂತ ನನಗೆ ಗೊತ್ತಾದದ್ದು ಈ ಸಲ ಊರಿಗೆ ಹೋಗಿ ಅವಳ ಜೊತೆ ಡೈರಿಗೆ ಹೊರಟಾಗ. ಅಲ್ಲಿ ಗಾಡಿಗಳು ನಮ್ಮ ಬಲಗಡೆಯಿಂದ ಬರುತ್ತವೆ. ಹಾಗಾಗಿ ಬಲಗೈ ಖಾಲಿ ಇರಬೇಕು. ಅದನ್ನು ಎತ್ತಿ, ಅಂಗೈ ಬಿಡಿಸಿ, ಬರುವವರಿಗೆ ತೋರಿಸಬೇಕು. ಅರ್ಧ ದಾಟಿ ಡಿವೈಡರ್ ಹತ್ತಿದ ಮೇಲೆ ಗಾಡಿಗಳು ಎಡಗಡೆಯಿಂದ ಬರುತ್ತವೆ. ಅಲ್ಲಿ ಅವ್ವ ಕ್ಯಾನನ್ನು ಮತ್ತೆ ಬಲಗೈಗೆ ತಗೊಂಡಳು. ಎಡಗೈ ಎತ್ತಿದಳು.

ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಇಪ್ಪತ್ತು ವರ್ಷದಲ್ಲಿ ಅವಳೇ ಕಲಿತದ್ದು.

ನಮ್ಮೂರು ಶಿರಾ ಮತ್ತು ಹಿರಿಯೂರಿನ ನಡುವೆ, ಪಿ.ಬಿ. ರೋಡಿನ ಪಕ್ಕಕ್ಕಿದೆ. ಪೂನಾ-ಬೆಂಗಳೂರು ರೋಡು. ಸರ್ಕಾರದ ಲೆಕ್ಕದಲ್ಲಿ ಮೊದಲು ರಾಷ್ಟ್ರೀಯ ಹೆದ್ದಾರಿ 4, ಈಗ 48. ಊರಿನವರ ಬಾಯಲ್ಲಿ ಈಗಲೂ ಪಿ.ಬಿ. ರೋಡೇ. ಮನೆಗಳೆಲ್ಲ ಒಂದು ಕಡೆ. ಡೈರಿ, ಬಸ್ ಸ್ಟಾಪು, ಹೈಸ್ಕೂಲು ಇನ್ನೊಂದು ಕಡೆ. ಎಷ್ಟೋ ಮನೆಗಳ ಹೊಲವೂ ಆ ಕಡೆಗೇ ಇದೆ. ಅಂದರೆ ಹಾಲು ಹಾಕಲು, ಓದಲು, ಬಸ್ ಹತ್ತಲು, ದುಡಿಯಲು, ಎಲ್ಲಕ್ಕೂ ರಸ್ತೆ ದಾಟಲೇಬೇಕು.

ನಾನು ಚಿಕ್ಕವಳಿದ್ದಾಗ ಅದು ಒಂದೇ ರಸ್ತೆ. ಎರಡು ಗಾಡಿ ಎದುರುಬದುರು ಹೋಗುವಷ್ಟು ಅಗಲ. ಎರಡೂ ಬದಿಗೆ ಹುಣಸೆ ಮರ. ಲಾರಿಗಳು ಏದುಸಿರು ಬಿಡುತ್ತಾ ಬರುತ್ತಿದ್ದವು. ಆಮೇಲೆ ಸುವರ್ಣ ಚತುಷ್ಪಥ ಯೋಜನೆ ಬಂತು. ಮರ ಹೋದವು, ನಾಲ್ಕು ಪಥ ಆಯಿತು. ಊರಿನವರು ಅದನ್ನು ‘ಡಬ್ಬಲ್ ರೋಡು’ ಅಂದರು. ಕೆಲವು ವರ್ಷಕ್ಕೆ ಅದೇ ಆರು ಪಥ ಆಯಿತು. ಇಷ್ಟೆಲ್ಲ ಆದರೂ ಊರು ಇದ್ದಲ್ಲೇ ಇದೆ. ಹೊಲವೂ ಇದ್ದಲ್ಲೇ ಇದೆ. ನಡುವಿನ ದಾರಿ ಮಾತ್ರ ಅಗಲವಾಗುತ್ತಾ ಹೋಯಿತು.

ಆವತ್ತು ಡೈರಿಯಿಂದ ಬಂದ ಮೇಲೆ ಒಂದು ಲೆಕ್ಕ ಹಾಕಿದೆ. ಒಂದು ದಿಕ್ಕಿಗೆ ಮೂರು ಪಥ, ಒಂದೊಂದು ಮೂರೂವರೆ ಮೀಟರು. ಅಂಚಿನ ಜಾಗ ಸೇರಿದರೆ ಸುಮಾರು ಹನ್ನೆರಡು ಮೀಟರು. ಕ್ಯಾನು ಹಿಡಿದ ಅವ್ವ ಸೆಕೆಂಡಿಗೆ ಒಂದು ಮೀಟರು ನಡೆದಾಳು. ಅಂದರೆ ಅರ್ಧ ರಸ್ತೆಗೆ ಹನ್ನೆರಡು ಸೆಕೆಂಡು. ಗಂಟೆಗೆ 100 ಕಿಲೋಮೀಟರಿನಲ್ಲಿ ಬರುವ ಕಾರು ಒಂದು ಸೆಕೆಂಡಿಗೆ 28 ಮೀಟರು ಬರುತ್ತದೆ. ಹನ್ನೆರಡು ಸೆಕೆಂಡಿಗೆ ಮುನ್ನೂರು ಮೀಟರಿಗೂ ಜಾಸ್ತಿ. ಅವ್ವ ಹೆಜ್ಜೆ ಇಡುವ ಮೊದಲು ಅಷ್ಟು ದೂರದ ಕಾರನ್ನು ನೋಡಿರಬೇಕು, ಅದರ ವೇಗ ಅಳೆದಿರಬೇಕು. ಅಷ್ಟು ದೂರದಲ್ಲಿ ಕಾರು ಎಷ್ಟು ದೊಡ್ಡದಾಗಿ ಕಾಣುತ್ತದೆ ಗೊತ್ತಾ? ಚಾಚಿದ ಕೈಯಲ್ಲಿ ಹಿಡಿದ ಹೆಸರುಕಾಳಿನಷ್ಟು.

ನೇರವಾಗಿ ನಮ್ಮ ಕಡೆಗೇ ಬರುವ ವಸ್ತುವಿನ ವೇಗ ಅಳೆಯುವುದರಲ್ಲಿ ಮನುಷ್ಯರ ಕಣ್ಣು ತುಂಬಾ ಸೋಲುತ್ತದೆ. ಪಕ್ಕಕ್ಕೆ ಹಾದುಹೋದರೆ ತಿಳಿಯುತ್ತದೆ. ಎದುರಿಗೆ ಬಂದರೆ ಅದು ಸುಮ್ನೆ ನಿಂತ ಹಾಗೆ ಕಾಣುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ದೊಡ್ಡದಾಗುತ್ತದೆ. ಹಾಗಾಗಿ ದಾಟುವವರು ಹೆಚ್ಚಾಗಿ ದೂರವನ್ನು ನೋಡಿ ತೀರ್ಮಾನ ಮಾಡುತ್ತಾರೆ, ವೇಗವನ್ನು ನೋಡಿ ಅಲ್ಲ. ವಯಸ್ಸಾದವರಲ್ಲಿ ಇದು ಇನ್ನೂ ಜಾಸ್ತಿ. ಪ್ರೈಮರಿ ಶಾಲೆಯ ಮಕ್ಕಳಿಗಂತೂ ಮೂವತ್ತು ಕಿಲೋಮೀಟರು ವೇಗ ದಾಟಿದರೆ, ಬರುತ್ತಿರುವ ಕಾರು ಬರುತ್ತಿದೆ ಅಂತಲೇ ಸರಿಯಾಗಿ ತಿಳಿಯದೆ ಹೋಗಬಹುದು. ಮಕ್ಕಳಿಗೆ ಎಷ್ಟು ಬೈದು ಬುದ್ಧಿ ಹೇಳಿದರೂ ಇದು ಬದಲಾಗುವುದಿಲ್ಲ. ಅದನ್ನು ಗುರುತಿಸುವ ಅವರ ಶಕ್ತಿ ಇನ್ನೂ ಬೆಳೆಯುತ್ತಿರುತ್ತದೆ.

ಇದನ್ನೆಲ್ಲ ನಾನು ಓದಿ ತಿಳಿದೆ. ಅವ್ವನಿಗೆ ಓದದೆಯೇ ಗೊತ್ತಿತ್ತು.

“ಲಾರಿ ಬಂದ್ರೆ ಗೊತ್ತಾಗ್ತೈತೆ ಕಣೇ. ಸದ್ದು ಬರ್ತೈತೆ. ಈ ಕಾರುಗಳು ಸುಮ್ನೆ ಬಂದುಬಿಡ್ತವೆ. ದೂರ ಐತೆ ಅಂದ್ಕಂಡು ಕಾಲು ಇಟ್ರೆ ಪಕ್ಕದಲ್ಲೇ ಇರ್ತವೆ.”

ನಮ್ಮ ದೊಡ್ಡಪ್ಪ ತೀರಿಕೊಂಡದ್ದು 2011ರ ಕಾರ್ತಿಕದಲ್ಲಿ. ಸಂಜೆ, ಆಗಷ್ಟೇ ಕತ್ತಲಾಗುತ್ತಿತ್ತು. ಹೊಲದಿಂದ ತಲೆ ಮೇಲೆ ಹಸಿ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದರು. ತಲೆ ಮೇಲೆ ಹೊರೆ ಇರುವವರು ಕತ್ತು ತಿರುಗಿಸಲಾರರು. ಬಲಕ್ಕೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕು. ಹುಲ್ಲು ಎರಡೂ ಕಡೆ ಇಳಿಬಿದ್ದು ಕಣ್ಣಿನ ಅಂಚನ್ನು ಮುಚ್ಚಿರುತ್ತದೆ. ಕೈಗಳು ಹೊರೆ ಹಿಡಿದಿರುತ್ತವೆ, ಎತ್ತಿ ತೋರಿಸಲೂ ಆಗುವುದಿಲ್ಲ. ಯಾವ ಗಾಡಿ ಗುದ್ದಿತೋ ಇವತ್ತಿಗೂ ಗೊತ್ತಿಲ್ಲ. ನಾನು ಓಡಿ ಹೋಗುವ ಹೊತ್ತಿಗೆ ಹುಲ್ಲು ರಸ್ತೆಯ ಉದ್ದಕ್ಕೂ ಚೆಲ್ಲಿತ್ತು. ಹಿಂದೆ ಬಂದ ಗಾಡಿಗಳು ಅದರ ಮೇಲೇ ಹೋಗುತ್ತಿದ್ದವು. ಆ ಹಸಿ ಹುಲ್ಲಿನ ವಾಸನೆ ನನಗೆ ಇವತ್ತಿಗೂ ಆಗುವುದಿಲ್ಲ.

ಮರುದಿನ ಪೇಪರಿನಲ್ಲಿ ಎರಡು ಸಾಲು ಬಂತು. ರಸ್ತೆ ದಾಟುತ್ತಿದ್ದ ವೇಳೆ ಅಪರಿಚಿತ ವಾಹನ ಡಿಕ್ಕಿ. ಸಾವಿನ ಮನೆಗೆ ಬಂದವರು ಹೇಳಿದ್ದೂ ಒಂದೇ ಮಾತು. “ನೋಡ್ಕಂಡು ದಾಟ್ಬೇಕಿತ್ತು.” “ಪಾಪ, ಗಾಡಿಗೆ ಅಡ್ಡ ಬಂದ್ಬಿಟ್ರು.”

ಈ ‘ಅಡ್ಡ ಬಂದ’ ಅನ್ನುವ ಮಾತು ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿದೆ. ನಾವೆಲ್ಲ ಹಾಗೇ ಮಾತಾಡುತ್ತೇವೆ. ಬೈಕಿಗೆ ಅಡ್ಡ ಬಂದ, ಬಸ್ಸಿಗೆ ಅಡ್ಡ ಬಂದಳು, ಮಗು ಅಡ್ಡ ಓಡಿ ಬಂತು. ನೇರ ಹೋಗುವುದು ಗಾಡಿಯ ಹಕ್ಕು, ಅಡ್ಡ ಹೋಗುವುದು ನಡೆಯುವವರ ತಪ್ಪು ಅಂತ ಮಾತೇ ತೀರ್ಪು ಕೊಟ್ಟುಬಿಡುತ್ತದೆ. ದೊಡ್ಡಪ್ಪ ಹುಟ್ಟಿದಾಗಿನಿಂದ ಅದೇ ದಾರಿಯಲ್ಲಿ ಹೊಲಕ್ಕೆ ಹೋಗಿ ಬಂದವರು. ಅವರ ದಾರಿಗೆ ರಸ್ತೆಯೇ ಅಡ್ಡ ಬಂದದ್ದು ಅಲ್ವಾ?

ಅಮೆರಿಕದ ಒಂದು ಕಥೆ ಇಲ್ಲಿ ನೆನಪಾಗುತ್ತದೆ. ನೂರು ವರ್ಷದ ಹಿಂದೆ ಅಲ್ಲಿಯ ಊರುಗಳಲ್ಲೂ ಬೀದಿ ಎಲ್ಲರದ್ದೂ ಆಗಿತ್ತು. ಮಕ್ಕಳು ಆಡುತ್ತಿದ್ದರು, ತಳ್ಳುಗಾಡಿಯವರು ವ್ಯಾಪಾರ ಮಾಡುತ್ತಿದ್ದರು. ಕಾರುಗಳು ಬಂದು ಜನ ಸಾಯತೊಡಗಿದಾಗ ಮೊದಲು ಸಿಟ್ಟು ಬಂದದ್ದು ಕಾರಿನ ಮೇಲೆ. 1923ರಲ್ಲಿ ಸಿನ್ಸಿನಾಟಿ ಊರಿನ 42,000 ಜನ ಒಂದು ಮನವಿಗೆ ಸಹಿ ಹಾಕಿದರು. ಊರೊಳಗೆ ಯಾವ ಕಾರೂ ಗಂಟೆಗೆ 25 ಮೈಲಿ, ಅಂದರೆ 40 ಕಿಲೋಮೀಟರು ದಾಟದ ಹಾಗೆ ಕಾರಿಗೇ ಒಂದು ಯಂತ್ರ ಕೂರಿಸಬೇಕು ಅಂತ. ಕಾರು ಮಾರುವವರು ಹೆದರಿದರು. ಒಟ್ಟಾಗಿ ಪ್ರಚಾರ ಮಾಡಿ ಮತದಾನದಲ್ಲಿ ಅದನ್ನು ಸೋಲಿಸಿದರು. ಅದೇ ಕಾಲದಲ್ಲಿ ಒಂದು ಬೈಗುಳವೂ ಊರೂರಿಗೆ ಹಬ್ಬಿತು. ಜೇವಾಕರ್. ‘ಜೇ’ ಅಂದರೆ ಅವರ ಆಡುಮಾತಿನಲ್ಲಿ ಹಳ್ಳಿ ಗಮಾರ. ಪಟ್ಟಣದ ರಸ್ತೆಯಲ್ಲಿ ಹೇಗೆ ನಡೆಯಬೇಕು ಅಂತ ಗೊತ್ತಿಲ್ಲದವನು. ಬೈಗುಳವಾಗಿ ಹುಟ್ಟಿದ ಆ ಮಾತು ಆಮೇಲೆ ಕಾನೂನಿಗೂ ಬಂತು.

ಗಮಾರರು ಅಂತ ಕರೆಸಿಕೊಂಡವರ ಮಗಳು ನಾನು. ಹಾಗಾಗಿ ಈ ಕಥೆ ನನಗೆ ಬರೀ ಇತಿಹಾಸ ಅನ್ನಿಸುವುದಿಲ್ಲ.

ದಾಟುವವರನ್ನೇ ಬೈಯುವ ತಪ್ಪನ್ನು ನಾನೂ ಮಾಡಿದ್ದೇನೆ. ಬೆಂಗಳೂರಿನಲ್ಲಿ ಕೆಲಸ ಸಿಕ್ಕು, ಕಾರು ತಗೊಂಡ ಮೊದಲ ವರ್ಷ ಊರಿಗೆ ಬರುತ್ತಿದ್ದೆ. ತುಮಕೂರು ದಾಟಿದ ಮೇಲೆ ರಸ್ತೆ ನುಣ್ಣಗಿರುತ್ತದೆ, ಕಾಲು ತಾನಾಗಿ ಒತ್ತುತ್ತದೆ. ಒಂದು ಊರಿನ ಹತ್ತಿರ ಡಿವೈಡರಿನಿಂದ ಒಬ್ಬ ಅಜ್ಜ ಇಳಿದರು. ಕೈ ಎತ್ತಿದ್ದರು. ಹಾರ್ನ್ ಒತ್ತಿ ಹಿಡಿದೆ, ಬ್ರೇಕ್ ಹಾಕಿದೆ, ಬಾಯಲ್ಲಿ ಬೈಗುಳವೂ ಬಂತು. ಅಜ್ಜ ಹಿಂದಕ್ಕೆ ಸರಿದು ಡಿವೈಡರಿನ ಕಲ್ಲು ಹಿಡಿದು ನಿಂತರು. ಒಂದು ಕಿಲೋಮೀಟರು ಹೋದ ಮೇಲೆ ಕೈ ನಡುಗತೊಡಗಿತು. ಅದು ಯಾರದ್ದೋ ಊರು. ಅವರು ಯಾರಿಗೋ ದೊಡ್ಡಪ್ಪ.

ದೇಶದ ಲೆಕ್ಕ ಇದು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ನಡೆದು ಹೋಗುತ್ತಿದ್ದವರು 32,825. ದಿನಕ್ಕೆ ತೊಂಬತ್ತು ಜನ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11 ಲಕ್ಷ 90 ಸಾವಿರ ಜನ ರಸ್ತೆಯಲ್ಲಿ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ನೂರಕ್ಕೆ 92 ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಆದರೆ ಜಗತ್ತಿನ ಗಾಡಿಗಳಲ್ಲಿ ಈ ದೇಶಗಳಲ್ಲಿರುವುದು ನೂರಕ್ಕೆ ಅರವತ್ತರಷ್ಟು ಮಾತ್ರ. ಗಾಡಿ ಇರುವವರಿಗಾಗಿ ರಸ್ತೆ, ಗಾಡಿ ಇಲ್ಲದವರಿಗೆ ಸಾವು. ನನಗೆ ಇದು ಬರೀ ಅಪಘಾತದ ಲೆಕ್ಕವಾಗಿ ಕಾಣುವುದಿಲ್ಲ, ಅನ್ಯಾಯದ ಲೆಕ್ಕವಾಗಿ ಕಾಣುತ್ತದೆ.

“ಅಂಡರ್‌ಪಾಸ್ ಇದೆಯಲ್ಲ, ಅಲ್ಲಿ ಹೋಗಬಹುದಲ್ಲ?” ಅಂತ ನನ್ನ ಆಫೀಸಿನ ಗೆಳತಿ ಒಮ್ಮೆ ಕೇಳಿದಳು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಇದೆ. ಊರಿನಿಂದ ಮುಕ್ಕಾಲು ಕಿಲೋಮೀಟರು ಆಚೆ. ಅಲ್ಲಿಗೆ ಹೋಗಿ, ದಾಟಿ, ವಾಪಸ್ ಡೈರಿಗೆ ಬರಬೇಕಾದರೆ ಒಂದೂವರೆ ಕಿಲೋಮೀಟರು ಜಾಸ್ತಿ ನಡೆಯಬೇಕು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಹೋಗುವಾಗ ತುಂಬಿದ ಕ್ಯಾನು ಬೇರೆ. ಡೈರಿಯಲ್ಲಿ ಹಾಲು ತಗೊಳ್ಳುವ ಹೊತ್ತು ಮುಗಿದರೆ ಆ ಹೊತ್ತಿನ ಹಾಲು ಮನೆಯಲ್ಲೇ. ಮಳೆ ಬಂದರೆ ಅಂಡರ್‌ಪಾಸಿನಲ್ಲಿ ಮೊಣಕಾಲುದ್ದ ನೀರು. ದೀಪ ಇಲ್ಲ. ಹೈಸ್ಕೂಲಿನ ಹುಡುಗಿಯರು ಸಂಜೆ ಹೊತ್ತು ಅಲ್ಲಿ ಒಬ್ಬೊಬ್ಬರೇ ಹೋಗುವುದಿಲ್ಲ. ಅವರಿಗೆ ಮೇಲಿನ ಕಾರಿನ ಭಯಕ್ಕಿಂತ ಕೆಳಗಿನ ಕತ್ತಲ ಭಯ ಜಾಸ್ತಿ.

ಸ್ಕೈವಾಕ್ ಕಟ್ಟಬಹುದು. ಆದರೆ ಹೆದ್ದಾರಿಯ ಮೇಲೆ ಐದೂವರೆ ಮೀಟರು ಜಾಗ ಬಿಟ್ಟು ಸೇತುವೆ ಕಟ್ಟಬೇಕು. ಒಂದು ಮೆಟ್ಟಿಲು ಹದಿನೈದು ಸೆಂಟಿಮೀಟರು ಅಂದರೂ ನಲವತ್ತು ಮೆಟ್ಟಿಲು ಹತ್ತಿ ನಲವತ್ತು ಇಳಿಯಬೇಕು. ಅವ್ವನ ಮೊಣಕಾಲಿಗೆ ನಮ್ಮನೆಯ ಮೂರು ಮೆಟ್ಟಿಲೇ ಕಷ್ಟ. ಕೀನ್ಯಾದ ನೈರೋಬಿಯಿಂದ ಥಿಕಾಗೆ 2012ರಲ್ಲಿ ದೊಡ್ಡ ಹೆದ್ದಾರಿ ತೆರೆದಾಗ ಅಲ್ಲೂ ಇದೇ ಆಯಿತು. ಮೇಲ್ಸೇತುವೆ ಇದ್ದ ಕಡೆಯೂ ಜನ ಕೆಳಗೇ ಓಡಿ ದಾಟುತ್ತಿದ್ದರು. ಅಲ್ಲಿಯೂ ಬೈಸಿಕೊಂಡದ್ದು ನಡೆಯುವವರೇ. ಕಾರಿನವನು ಸಪಾಟಾಗಿ, ನೇರವಾಗಿ ಹೋಗಲಿ ಅಂತ ಅವ್ವನಂಥವರು ಬೆಟ್ಟ ಹತ್ತಿ ಇಳಿಯಬೇಕು ಅನ್ನುವುದು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ.

ಊರು ಇರುವ ಕಡೆ ಗಾಡಿ ನಿಧಾನ ಆಗಬೇಕು. ನಾನು ಹೇಳಬೇಕಾಗಿರುವುದು ಇಷ್ಟೇ. ನಿಧಾನ ಅಂದರೆ ಏನು ಅನ್ನುವುದಕ್ಕೆ ಇನ್ನೊಂದು ಲೆಕ್ಕ ಕೊಡುತ್ತೇನೆ. ಒಂದು ಮಗು ರಸ್ತೆಗೆ ಇಳಿಯಿತು ಅಂತ ಇಟ್ಟುಕೊಳ್ಳಿ. ಓಡಿಸುವವರು ನೋಡಿ ಬ್ರೇಕಿಗೆ ಕಾಲು ಇಡಲು ಒಂದು ಸೆಕೆಂಡಾದರೂ ಬೇಕು. ಗಂಟೆಗೆ 30 ಕಿಲೋಮೀಟರಿನಲ್ಲಿದ್ದ ಕಾರು ಒಣ ರಸ್ತೆಯಲ್ಲಿ ಹದಿಮೂರು ಹದಿನಾಲ್ಕು ಮೀಟರಿನೊಳಗೆ ಪೂರ್ತಿ ನಿಲ್ಲುತ್ತದೆ. 50ರಲ್ಲಿದ್ದ ಕಾರು ಅದೇ ಜಾಗದಲ್ಲಿ ಆಗಷ್ಟೇ ಬ್ರೇಕ್ ಹಿಡಿಯಲು ಶುರು ಮಾಡಿರುತ್ತದೆ. ಅಂದರೆ 50ರ ವೇಗದಲ್ಲೇ ಮಗುವಿಗೆ ಬಡಿಯುತ್ತದೆ. ಓಡಿಸುವವರು ಅದೇ ಜನ, ಕಾರು ಅದೇ, ಮಗು ಅದೇ. ಬೇರೆಯಾದದ್ದು ವೇಗ ಒಂದೇ. 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಹಲವು ದೇಶಗಳ ಮಂತ್ರಿಗಳು ಸೇರಿ, ಜನ ಮತ್ತು ಗಾಡಿ ಒಟ್ಟಿಗೆ ಓಡಾಡುವ ಕಡೆ 30 ಕಿಲೋಮೀಟರು ಮಿತಿ ಬೇಕು ಅಂದರು. ನಮ್ಮಲ್ಲಿ 2018ರಲ್ಲಿ ಸರ್ಕಾರ ಕಾರಿಗೆ ಊರೊಳಗಿನ ರಸ್ತೆಯಲ್ಲೇ 70ರ ತನಕ ಮಿತಿ ಇಟ್ಟಿತು. ನಾಲ್ಕು ಪಥದ ರಸ್ತೆಯಲ್ಲಿ 100.

ದುಡ್ಡಿಲ್ಲದ ದೇಶಕ್ಕೆ ಇದೆಲ್ಲ ಆಗುತ್ತಾ ಅಂತ ಕೇಳುವವರಿಗೆ ನಾನು ಘಾನಾದ ಸುಹುಮ್ ಅನ್ನುವ ಜಾಗದ ಕಥೆ ಹೇಳುತ್ತೇನೆ. ಅಕ್ರಾದಿಂದ ಕುಮಾಸಿಗೆ ಹೋಗುವ ದೊಡ್ಡ ಹೆದ್ದಾರಿಯಲ್ಲಿ ಸುಹುಮ್ ಜಂಕ್ಷನ್ ಇದೆ. ಅಲ್ಲಿ ಅಪಘಾತ ಜಾಸ್ತಿ ಆಗುತ್ತಿದ್ದವು. 2000ನೇ ಇಸವಿಯ ಸುಮಾರಿಗೆ ರಸ್ತೆಗೆ ಅಡ್ಡಲಾಗಿ ರಂಬಲ್ ಸ್ಟ್ರಿಪ್ ಹಾಕಿದರು. ಗಾಡಿ ಅದರ ಮೇಲೆ ಹೋದರೆ ಗಡಗಡ ನಡುಗುತ್ತದಲ್ಲ, ಆ ಪಟ್ಟಿಗಳು. ಅಷ್ಟಕ್ಕೇ ಅಲ್ಲಿ ಅಪಘಾತ ನೂರಕ್ಕೆ 35ರಷ್ಟು ಕಡಿಮೆಯಾದವು. ಸಾವು ನೂರಕ್ಕೆ 55ರಷ್ಟು ಕಡಿಮೆಯಾಯಿತು. ಸೇತುವೆ ಕಟ್ಟಲಿಲ್ಲ, ಜನರಿಗೆ ಭಾಷಣ ಮಾಡಲಿಲ್ಲ. ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಅಮೆಂಡ್ ಅನ್ನುವ ಸಂಸ್ಥೆ ಶಾಲೆಗಳ ಸುತ್ತ ಫುಟ್‌ಪಾತು, ಹಂಪು, ಜೀಬ್ರಾ ಪಟ್ಟಿ, ಗೇಟಿನ ಜಾಗ ಬದಲಾವಣೆ, ಇಂಥ ಸಣ್ಣ ಸಣ್ಣ ಕೆಲಸ ಮಾಡಿ ಮಕ್ಕಳಿಗೆ ಪೆಟ್ಟಾಗುವುದನ್ನು ಕಡಿಮೆ ಮಾಡಿತು. ಇವೆರಡೂ ನಮಗಿಂತ ಶ್ರೀಮಂತ ಊರುಗಳಲ್ಲ.

ಬೆಂಗಳೂರಿನ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಬರಹವೇ ಆಗುತ್ತದೆ. ಅಲ್ಲೂ ನಾವು ಕೈ ಎತ್ತಿಯೇ ದಾಟುತ್ತೇವೆ. ಫುಟ್‌ಪಾತಿನಲ್ಲಿ ಟ್ರಾನ್ಸ್‌ಫಾರ್ಮರ್, ಅಲುಗಾಡುವ ಚಪ್ಪಡಿ, ನಿಲ್ಲಿಸಿದ ಬೈಕು, ಓಡುವ ಬೈಕು. 2025ರ ಮೇ 14ರಂದು ಸುಪ್ರೀಂ ಕೋರ್ಟು, ಅಡೆತಡೆ ಇಲ್ಲದ ಫುಟ್‌ಪಾತು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಅಂತ ಹೇಳಿತು. ಅವತ್ತು ಆ ಸುದ್ದಿ ಓದಿ ನನಗೆ ದೊಡ್ಡಪ್ಪ ನೆನಪಾದರು.

ಅವರ ಮನೆಯವರಿಗೆ ಪರಿಹಾರ ಅಂತ ಏನೂ ಬರಲಿಲ್ಲ. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೂ ಸರ್ಕಾರದ ಒಂದು ನಿಧಿಯಿಂದ ಆಗ 25,000 ರೂಪಾಯಿ ಸಿಗುತ್ತಿತ್ತು. ಅದು ನಮಗೆ ಗೊತ್ತಿರಲಿಲ್ಲ, ಹೇಳುವವರೂ ಇರಲಿಲ್ಲ. 2022ರ ಏಪ್ರಿಲ್ 1ರಿಂದ ಅದು 2 ಲಕ್ಷ ಆಗಿದೆ. ಇದನ್ನು ಓದುತ್ತಿರುವ ನಿಮ್ಮ ಊರಿನ ಕಡೆ ಯಾರಿಗಾದರೂ ಹೀಗಾಗಿದ್ದರೆ ದಯವಿಟ್ಟು ಹೇಳಿ. ಗಾಡಿ ನಂಬರ್ ಗೊತ್ತಿಲ್ಲ ಅಂತ ಸುಮ್ಮನಾಗಬೇಡಿ. ಇನ್ನೊಂದು ವಿಷಯ. ರಸ್ತೆಯ ವಿನ್ಯಾಸ ಸರಿ ಇಲ್ಲದೆ ಸಾವಾದರೆ, ಅದಕ್ಕೆ ಹೊಣೆಯಾದವರಿಗೆ 1 ಲಕ್ಷ ರೂಪಾಯಿ ತನಕ ದಂಡ ಹಾಕಲು 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶ ಇದೆ. 198ಎ ಕಲಂ.

ದೊಡ್ಡಪ್ಪ ಹೋದ ವಾರ ಊರಿನವರು ರಸ್ತೆ ತಡೆದು ಕೂತಿದ್ದರು. ಎರಡು ಬ್ಯಾರಿಕೇಡು ಬಂದವು. ಕೆಲವು ತಿಂಗಳು ಗಾಡಿಗಳು ಅಲ್ಲಿ ನಿಜವಾಗಿಯೂ ನಿಧಾನ ಆದವು. ಆಮೇಲೆ ಒಂದು ರಾತ್ರಿ ಲಾರಿಯೊಂದು ಒಂದನ್ನು ಗುದ್ದಿ ಹೋಯಿತು. ಸೊಟ್ಟಗಾದ ಬ್ಯಾರಿಕೇಡು ಬಹಳ ದಿನ ಚರಂಡಿಯಲ್ಲಿ ಬಿದ್ದಿತ್ತು. ಹೊಸದು ಬರಲಿಲ್ಲ.

ಈ ಸಲ ಹೈಸ್ಕೂಲಿನ ಮೇಷ್ಟ್ರು ಮತ್ತು ನಾನು ಕೂತು ಒಂದು ಅರ್ಜಿ ಬರೆದೆವು. ಭಾನುವಾರ ಬೆಳಗ್ಗೆ ಟೇಪು ಹಿಡಿದು ಅಳತೆ ಮಾಡಿದೆವು. ಸೋಮವಾರ ಬೆಳಗ್ಗೆ ಬಸ್ ಸ್ಟಾಪಿನಲ್ಲಿ ನಿಂತು, ಯಾರು ಯಾವ ಹೊತ್ತಿಗೆ ಎಲ್ಲಿ ದಾಟುತ್ತಾರೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ನಮಗೆ ಆಶ್ಚರ್ಯ ಆದದ್ದು ಒಂದೇ. ಜನ ಎಲ್ಲೆಂದರಲ್ಲಿ ದಾಟುತ್ತಿರಲಿಲ್ಲ. ಹೆಚ್ಚುಕಮ್ಮಿ ಎಲ್ಲರೂ ಒಂದೇ ಜಾಗದಲ್ಲಿ ದಾಟಿದರು. ಊರಿನ ಹಳೇ ದಾರಿ ರಸ್ತೆಗೆ ಸೇರುವ ಜಾಗ ಅದು. ಡಿವೈಡರಿನ ಮಣ್ಣಿನಲ್ಲಿ ಕಾಲುದಾರಿಯೇ ಬಿದ್ದಿದೆ. ದಾಟುವ ಜಾಗ ಎಲ್ಲಿ ಮಾಡಬೇಕು ಅಂತ ಯಾವ ಇಂಜಿನಿಯರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಜನರ ಕಾಲು ಆಗಲೇ ಗುರುತು ಮಾಡಿಟ್ಟಿದೆ.

ರಂಬಲ್ ಸ್ಟ್ರಿಪ್ ಎರಡೂ ದಿಕ್ಕಿಗೆ. ಊರು ಬರುವ ಮೊದಲೇ ವೇಗ ಇಳಿಸುವ ಬೋರ್ಡು. ಎರಡು ದೀಪದ ಕಂಬ. ಡಿವೈಡರಿನಲ್ಲಿ ನಿಲ್ಲಲು ನಾಲ್ಕು ಜನಕ್ಕೆ ಸಮತಟ್ಟು ಜಾಗ. ಅಂಡರ್‌ಪಾಸಿನ ನೀರು ಹೋಗಲು ಚರಂಡಿ. ಇಷ್ಟು ಬರೆದು, ರಾತ್ರಿ ಊಟ ಆದ ಮೇಲೆ ಅವ್ವನಿಗೆ ಓದಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡಳು. ಮುಗಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಆ ಕಣಗಲೆ ಗಿಡ ಬರೆದಿಲ್ವಲ್ಲೇ” ಅಂದಳು.

“ಯಾವ ಗಿಡ?”

“ರೋಡಿನ ನಡುವೆ ಹಾಕವ್ರಲ್ಲ, ಅದು. ದಾಟೋ ತಾವ ಸೊಂಟದ ಮಟ್ಟಕ್ಕೆ ಕತ್ತರಿಸೋಕೆ ಹೇಳು. ಇಲ್ದಿದ್ರೆ ಸಣ್ಣ ಮಕ್ಳು ಗಿಡದ ಹಿಂದೆ ನಿಂತ್ರೆ ಕಾಣಾಕಿಲ್ಲ. ಕಾರಿನೋರ್ಗೂ ಕಾಣಾಕಿಲ್ಲ, ಮಕ್ಳಿಗೂ ಕಾರು ಕಾಣಾಕಿಲ್ಲ.”

ಇಷ್ಟು ದಿನ ನಾನು ಆ ಗಿಡಗಳನ್ನು ಹೂವಿಗಾಗಿ ಮಾತ್ರ ನೋಡಿದ್ದೆ. ಹೊಸ ಹಾಳೆ ತಗೊಂಡು ಅರ್ಜಿಯನ್ನು ಮೊದಲಿನಿಂದ ಬರೆದೆ. ಸೊಂಟದ ಮಟ್ಟಕ್ಕೆ ಅನ್ನುವುದು ಸಾಲದು, ಮಗುವಿನ ಸೊಂಟವಾ ದೊಡ್ಡವರ ಸೊಂಟವಾ ಅಂತ ಕೇಳಿದೆ. ಅವ್ವ ಪಕ್ಕದ ಮನೆಯ ಒಂದನೇ ಕ್ಲಾಸಿನ ಹುಡುಗನನ್ನು ಕರೆದು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದಳು. ಅವನ ಎದೆಯ ಹತ್ತಿರ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು. ಟೇಪು ತಂದು ಅಳೆದೆ. ಅದನ್ನೇ ಅರ್ಜಿಯ ಮೊದಲನೇ ಸಾಲಿನಲ್ಲಿ ಬರೆದಿದ್ದೇನೆ.